ಅತ್ತೆಯ ಕೈ, ಅಳಿಯನ ಸಹಿ

ಸೂಜಿಯಮ್ಮ ವಿಮಾನದ ಕೆಲಸಕ್ಕೆ ಬಂದದ್ದು ಸೀಟು ಹೊಲಿಯಲಿಕ್ಕೆ. ಸಣ್ಣ ವಿಮಾನಗಳು ಇಳಿದು ಏರುವ ಒಂದು ಮೈದಾನ, ಅದರ ಅಂಚಿಗೆ ತಗಡಿನ ದೊಡ್ಡ ಶೆಡ್ಡು, ಶೆಡ್ಡಿನ ಬೆನ್ನಿಗೆ ಅಂಟಿಕೊಂಡ ಒಂದು ರಿಪೇರಿ ಅಂಗಡಿ. ಹರಿದ ಸೀಟುಗಳಿಗೆ ಹೊಸ ಕವರು ಹಾಕಲು ಮೂವತ್ತು ವರ್ಷದ ಹೆಂಗಸೊಬ್ಬಳು ತನ್ನ ಹೊಲಿಗೆ ಯಂತ್ರವನ್ನು ತಾನೇ ಹೊತ್ತುಕೊಂಡು ಅಲ್ಲಿಗೆ ಬಂದಳು. ಮೂರನೆಯ ವಾರ ಒಳಗಿನ ಗಾಜಿನ ಕೋಣೆಯಿಂದ ಮೇಷ್ಟ್ರು ಹೊರಗೆ ಬಂದು, ಆಕೆ ಸೂಜಿಗೆ ದಾರ ಪೋಣಿಸುವುದನ್ನೇ ಒಂದು ಗಳಿಗೆ ನೋಡುತ್ತ ನಿಂತರು.

"ನಿನ್ನ ಕೈ ನಡುಗಲ್ವೇನಮ್ಮ?" ಎಂದು ಕೇಳಿದರು.

"ಯಾಕೆ ನಡುಗ್ಬೇಕು?" ಎಂದಳು ಆಕೆ.

ಮೇಷ್ಟ್ರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಎಲ್ಲರನ್ನೂ ಗದರುತ್ತಿದ್ದುದರಿಂದ ಬಂದ ಹೆಸರು ಅದು. ಅವರು ವಿಮಾನದ ಮೀಟರುಗಳ ಮೆಕ್ಯಾನಿಕ್ಕು. ಎತ್ತರ ತೋರಿಸುವ ಆಲ್ಟಿಮೀಟರು, ವೇಗ ತೋರಿಸುವ ಮೀಟರು, ಏರಿಳಿತ ತೋರಿಸುವ ಮೀಟರು, ಹೀಗೆ ಗಾಳಿಯ ಒತ್ತಡದಿಂದ ಮುಳ್ಳು ತಿರುಗುವುದೆಲ್ಲ ಅವರ ಪಾಲು. ಆ ಚಳಿಗಾಲದಲ್ಲಿ ಅವರ ಬಲಗೈ ನಡುಗತೊಡಗಿತ್ತು. ಕೂದಲೆಳೆಯಂಥ ಸುರುಳಿ ಸ್ಪ್ರಿಂಗಿನ ತುದಿಯನ್ನು ಅದಕ್ಕಿಂತ ಸಣ್ಣ ತೂತಿನಲ್ಲಿ ತೂರಿಸಬೇಕು, ಆಗುತ್ತಿರಲಿಲ್ಲ. ಆಕೆಯನ್ನು ಒಳಗೆ ಕರೆದು, ಚಪ್ಪಲಿ ಬಿಡಿಸಿ, ತಲೆಗೆ ಟೋಪಿ ಹಾಕಿಸಿ, ಭೂತಗನ್ನಡಿಯ ಕೆಳಗೆ ಕೂರಿಸಿದರು. ಆಕೆ ಅಭ್ಯಾಸಬಲದಿಂದ ಬೆರಳನ್ನು ನಾಲಿಗೆಗೆ ತಾಗಿಸಹೋದಳು. ಎಂಜಲು ಬಿದ್ದರೆ ಸ್ಪ್ರಿಂಗು ತುಕ್ಕು ಹಿಡಿಯುತ್ತದೆಂದು ಮೇಷ್ಟ್ರು ಗೋಡೆ ಅದುರುವಂತೆ ಗದರಿದರು. ಅವರ ಗದರಿಕೆ ಮುಗಿಯುವುದರೊಳಗೆ ಸ್ಪ್ರಿಂಗು ತೂತಿನೊಳಗೆ ಹೋಗಿ ಕೂತಿತ್ತು.

ಅಲ್ಲಿಂದ ಇಪ್ಪತ್ತೆರಡು ವರ್ಷ. ಸೀಟು ಹೊಲಿಯಲು ಬೇರೆ ಯಾರೋ ಬಂದರು. ಹೊಲಿಗೆಯ ಸೂಜಿ ಬಿಟ್ಟವಳಿಗೆ ಸೂಜಿಯಮ್ಮ ಎಂಬ ಹೆಸರು ಮಾತ್ರ ಬಿಡದೆ ಅಂಟಿಕೊಂಡಿತು.

ವಿಮಾನದ ಕೆಲಸದಲ್ಲಿ ಮಾಡುವುದು ಒಂದು, ಸಹಿ ಹಾಕುವುದು ಇನ್ನೊಂದು. ಲೈಸೆನ್ಸ್ ಇಲ್ಲದವರೂ ಕೆಲಸ ಮಾಡಬಹುದು, ಆದರೆ ಲೈಸೆನ್ಸ್ ಇದ್ದವರು ಪಕ್ಕದಲ್ಲಿದ್ದು ನೋಡಬೇಕು, ಇದು ಸರಿಯಿದೆ ಎಂದು ಸಹಿ ಹಾಕಬೇಕು. ಆಮೇಲೆ ಏನಾದರೂ ಸಹಿ ಹಾಕಿದವರ ಕೊರಳಿಗೇ. ಇಪ್ಪತ್ತೆರಡು ವರ್ಷವೂ ಕೈ ಸೂಜಿಯಮ್ಮನದು, ಸಹಿ ಮೇಷ್ಟ್ರದು. ಆಕೆ ಇದರ ಬಗ್ಗೆ ಒಮ್ಮೆಯೂ ತಲೆ ಕೆಡಿಸಿಕೊಂಡವಳಲ್ಲ. ಮಾಡಿದ್ದು ಸರಿಯಾಯಿತೋ ಇಲ್ಲವೋ ಎಂದು ಮುಳ್ಳೇ ಹೇಳುವಾಗ ಕಾಗದ ಏನು ಹೇಳಿದರೇನು?

ಎಪ್ಪತ್ತು ತುಂಬಿದ ದಿನ ಮೇಷ್ಟ್ರು ಸಮುದ್ರದ ದಡದಲ್ಲಿರುವ ಅಕ್ಕನ ಮನೆಗೆ ಹೊರಟುನಿಂತರು. ಅಂಗಡಿಯ ಮಾಲೀಕರು ಲೈಸೆನ್ಸ್ ಇದ್ದವರು ಬೇಕೆಂದು ಜಾಹೀರಾತು ಕೊಟ್ಟರು. ಸೋಮವಾರ ಬೆಳಿಗ್ಗೆ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕಂಕುಳಲ್ಲಿ ದಪ್ಪ ಪುಸ್ತಕ ಇಟ್ಟುಕೊಂಡು ಒಳಗೆ ಬಂದವನನ್ನು ನೋಡಿ ಸೂಜಿಯಮ್ಮನ ಕೈಯಲ್ಲಿದ್ದ ಚಿಮುಟ ಮೊಟ್ಟಮೊದಲ ಬಾರಿಗೆ ನೆಲಕ್ಕೆ ಬಿತ್ತು. ಬಂದವನು ಆಕೆಯ ಅಳಿಯ.

ಮದುವೆಯಾಗಿ ಎಂಟು ತಿಂಗಳಾಗಿತ್ತು. ಅಮ್ಮನ ಹತ್ತಿರ ಬಂದಿರಬೇಕೆಂಬ ಆಸೆ ಮಗಳದು. ಆಸೆ ತೀರುವವರೆಗೂ ಬಾಯಿ ಬಿಡಬೇಡವೆಂದು ಗಂಡನಿಂದ ಮಾತು ತೆಗೆದುಕೊಂಡಿದ್ದಳಂತೆ. ಅಳಿಯ ದೊಡ್ಡ ವಿಮಾನ ನಿಲ್ದಾಣವೊಂದರಲ್ಲಿ ರೇಡಿಯೋ, ವೈರಿಂಗ್ ನೋಡಿಕೊಳ್ಳುತ್ತಿದ್ದವನು. ಅವನ ಲೈಸೆನ್ಸಿನಲ್ಲಿ ಮೀಟರುಗಳೂ ಸೇರಿದ್ದವು. ಒಳ್ಳೆಯವನು, ಮಾತು ಕಡಿಮೆ. ಆದರೆ ನಿಯಮವೆಂದರೆ ಗೆರೆ ಕೊಯ್ದಂತೆ. ಲೈಸೆನ್ಸ್ ಇಲ್ಲದವರ ಕೆಲಸವನ್ನು ಸ್ವತಃ ನೋಡಬೇಕು ಎಂದು ಪುಸ್ತಕದಲ್ಲಿತ್ತು. ನೋಡುವುದೆಂದರೆ ಮೇಷ್ಟ್ರ ಪಾಲಿಗೆ ಆಗಾಗ ಕತ್ತೆತ್ತಿ ಕಣ್ಣು ಹಾಯಿಸುವುದು. ಅಳಿಯನ ಪಾಲಿಗೆ, ಪ್ಲಾಸ್ಟಿಕ್ ಸ್ಟೂಲನ್ನು ಅತ್ತೆಯ ಬೆನ್ನಿಗೆ ತಂದು ಹಾಕಿಕೊಂಡು, ಪುಸ್ತಕವನ್ನು ತೊಡೆಯ ಮೇಲೆ ಬಿಚ್ಚಿ ಕೂರುವುದು.

"ಅತ್ತೆ, ಪುಟ ನಲವತ್ತೊಂದು. ಒಂಬತ್ತನೇದು ಆಮೇಲೆ, ಮೊದಲು ನಾಲ್ಕನೇದು ಮಾಡ್ಬೇಕು," ಎನ್ನುತ್ತಿದ್ದ.

ಕತ್ತಿಗೆ ಅಳಿಯನ ಉಸಿರು ತಾಗುವಾಗ ಯಾವ ಅತ್ತೆಗೆ ತಾನೇ ಕೆಲಸ ಓಡೀತು? ಬಿಸಿ ತುಪ್ಪದಂತಾಯಿತು ಆಕೆಯ ಸ್ಥಿತಿ, ನುಂಗುವಂತಿಲ್ಲ, ಉಗುಳುವಂತಿಲ್ಲ. ಬೈಯೋಣವೆಂದರೆ ಮನೆಯ ಅಳಿಯ, ಸುಮ್ಮನಿರೋಣವೆಂದರೆ ಬೆನ್ನ ಮೇಲಿನ ಬೇತಾಳ. ಸಿಟ್ಟು ಬಂದಷ್ಟೂ ಆಕೆಯ ಮರ್ಯಾದೆ ಹೆಚ್ಚುತ್ತಿತ್ತು. ಬೆಳಿಗ್ಗೆ "ನೀವು ಸ್ವಲ್ಪ ಹಿಂದೆ ಕೂತ್ಕೊಳ್ಳಿ" ಎನ್ನುತ್ತಿದ್ದವಳು ಸಂಜೆಯ ಹೊತ್ತಿಗೆ "ತಾವು ದಯವಿಟ್ಟು ಹಿಂದಕ್ಕೆ ಬಿಜಯಂಗೈಯಬೇಕು" ಎನ್ನುವ ಮಟ್ಟಕ್ಕೆ ಬಂದಿರುತ್ತಿದ್ದಳು. ಶೆಡ್ಡಿನವರು ಅಳಿಯನಿಗೆ ಪುಟಸಂಖ್ಯೆ ಎಂದು ಹೆಸರಿಟ್ಟರು.

ಭಾನುವಾರ ಮಗಳು ಅಳಿಯ ಊಟಕ್ಕೆ ಬರುವರು. ಮೊದಲ ಎರಡು ಭಾನುವಾರದ ಊಟ ಪುಟ ನಲವತ್ತೊಂದರಲ್ಲೇ ತಣ್ಣಗಾದ ಮೇಲೆ, ಊಟದ ಮೇಜಿನ ಮೇಲೆ ಯಾರೂ ವಿಮಾನ ಇಳಿಸಬಾರದು, ಇಳಿಸಿದವರು ಪಾತ್ರೆ ತೊಳೆಯಬೇಕು ಎಂದು ಮಗಳು ಕಾನೂನು ಮಾಡಿದಳು. ಅಡುಗೆ ಮಾಡುತ್ತಿದ್ದುದು ಸೂಜಿಯಮ್ಮನ ಗಂಡ, ನಿವೃತ್ತ ಪೋಸ್ಟ್‌ಮ್ಯಾನ್. ಹುರುಳಿಕಾಯಿ ಹೆಚ್ಚಲು ಹೆಂಡತಿ ಕೈ ಹಾಕಿದರೆ, ಈ ಒಲೆಗೆ ಲೈಸೆನ್ಸ್ ತನ್ನ ಹೆಸರಲ್ಲಿದೆ ಎಂದು ಚಾಕು ಕಿತ್ತುಕೊಳ್ಳುತ್ತಿದ್ದ.

ಹೀಗೆ ಐದು ತಿಂಗಳು ಕಳೆಯಿತು.

ಗುಡ್ಡದಾಚೆಯ ಊರುಗಳಿಗೆ ಔಷಧವನ್ನೂ ಟಪಾಲನ್ನೂ ಹೊರುವ ಪೈಲಟ್ ಒಬ್ಬನಿದ್ದ. ಪೈಲಟ್ಟುಗಳು ತಮ್ಮ ವಿಮಾನದ ಟೈರು ಬದಲಿಸಬಹುದು, ಬಲ್ಬು ಹಾಕಬಹುದು, ರೇಡಿಯೋ ಪೆಟ್ಟಿಗೆಯನ್ನು ಗೂಡಿನಿಂದ ಎಳೆದು ಮತ್ತೆ ಒಳಗೆ ತಳ್ಳಬಹುದು. ಮೀಟರು ಬಿಚ್ಚುವಂತಿಲ್ಲ. ಅದು ಅವನಿಗೂ ಗೊತ್ತು. ಆದರೂ ಆಲ್ಟಿಮೀಟರಿನ ಗಾಜಿನ ಒಳಗೆ ಮಂಜು ಕಟ್ಟಿದ್ದನ್ನು ಕಂಡು, ಅದನ್ನು ಮನೆಗೊಯ್ದು, ಊಟದ ಮೇಜಿನ ಮೇಲೆ ಹಿಂಬದಿ ಬಿಚ್ಚಿ, ಟವೆಲಿನಿಂದ ಒರೆಸಿದ್ದ. ಮತ್ತೆ ಜೋಡಿಸಲು ಬರಲಿಲ್ಲ. ಒಂದು ಬೆಳಿಗ್ಗೆ ಅದನ್ನು ಬಿಸ್ಕತ್ತಿನ ಡಬ್ಬಿಯಲ್ಲಿಟ್ಟುಕೊಂಡು, ಮುಖ ಸಣ್ಣದು ಮಾಡಿಕೊಂಡು ಬಂದ. ಅಳಿಯ ಅಂದು ರೇಡಿಯೋ ಭಾಗವೊಂದನ್ನು ತರಲು ಪೇಟೆಗೆ ಹೋಗಿದ್ದ. ನಾಳೆ ಬೆಳಕು ಹರಿಯುತ್ತಲೇ ಔಷಧ ಹೊರಬೇಕು ಎಂದು ಪೈಲಟ್ ಅಂಗಲಾಚಿದ.

ಸೂಜಿಯಮ್ಮ ಬಾಗಿಲ ಕಡೆ ನೋಡಿದಳು, ಖಾಲಿ ಸ್ಟೂಲಿನ ಕಡೆ ನೋಡಿದಳು. ಐದು ತಿಂಗಳಲ್ಲಿ ಮೊದಲ ಬಾರಿಗೆ ಕತ್ತಿಗೆ ತಂಗಾಳಿ ತಾಗುತ್ತಿತ್ತು. ಡಬ್ಬಿ ತೆಗೆದುಕೊಂಡಳು. ಹಾಡು ಗುನುಗುತ್ತ, ತನಗೆ ತೋಚಿದ ಕ್ರಮದಲ್ಲಿ, ಪುಸ್ತಕದತ್ತ ತಿರುಗಿಯೂ ನೋಡದೆ ಮಧ್ಯಾಹ್ನದೊಳಗೆ ಮುಗಿಸಿಬಿಟ್ಟಳು.

ನಾಲ್ಕು ಗಂಟೆಗೆ ಅಳಿಯ ಬಂದ. ಮೀಟರು ನೋಡಿದ, ಸಹಿಗೆಂದು ಚಾಚಿದ ಕಾಗದ ನೋಡಿದ, ಪೆನ್ನು ಮುಟ್ಟಲಿಲ್ಲ.

"ನಾನು ನೋಡಿಲ್ಲ ಅತ್ತೆ. ನೋಡದೇ ಇರೋದಕ್ಕೆ ಸಹಿ ಹಾಕಲ್ಲ."

"ಇಪ್ಪತ್ತೆರಡು ವರ್ಷದಿಂದ ಮಾಡ್ತಿದೀನಿ. ನಾನು ಶುರು ಮಾಡಿದಾಗ ನೀವಿನ್ನೂ ಸ್ಕೂಲಿಗೆ ಹೋಗ್ತಿದ್ರಿ."

"ಹೌದು. ಅಲ್ಲೂ ನೋಡದೇ ಇರೋದನ್ನ ಬರೀತಿರ್ಲಿಲ್ಲ."

ಪೈಲಟ್ ಅವರ ಮುಖ ಇವರ ಮುಖ ನೋಡುತ್ತ ಹೊರಗೆ ಜಾರಿಕೊಂಡ. ಸೂಜಿಯಮ್ಮನಿಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿಯಿತು. ಸರಿ, ನಿಮ್ಮ ಕಣ್ಣ ಮುಂದೆಯೇ ಪರೀಕ್ಷೆಯಾಗಲಿ, ಆಮೇಲೆ ಮಾತಾಡಿ ಎಂದು ಮೀಟರನ್ನು ಗಾಜಿನ ಜಾಡಿಯೊಳಗೆ ಇಟ್ಟಳು. ಆ ಜಾಡಿಯಿಂದ ಗಾಳಿ ಹೀರುತ್ತ ಹೋದರೆ ಮೀಟರು ಮೇಜಿನ ಮೇಲೆ ಕೂತಲ್ಲಿಯೇ ಆಕಾಶಕ್ಕೆ ಏರುತ್ತಿದ್ದೇನೆಂದು ನಂಬಿ ಮುಳ್ಳು ತಿರುಗಿಸುತ್ತದೆ. ಒಂದೊಂದು ಎತ್ತರದಲ್ಲಿ ನಿಲ್ಲಿಸಿ ಬೆರಳಿನಿಂದ ತಟ್ಟಬೇಕು. ಮುಳ್ಳು ಎಲ್ಲಾದರೂ ಸಿಕ್ಕಿಕೊಂಡಿದ್ದರೆ ತಟ್ಟಿದಾಗ ನೆಗೆಯುತ್ತದೆ. ಸಿಟ್ಟಿನ ಭರದಲ್ಲಿ ಸೂಜಿಯಮ್ಮ ಮೇಷ್ಟ್ರ ಕಾಲದ ಅಭ್ಯಾಸದಂತೆ ಮೂರೇ ಎತ್ತರಗಳಲ್ಲಿ ತಟ್ಟಿದಳು. ಮುಳ್ಳು ಅಲ್ಲಾಡಲಿಲ್ಲ. ಆಕೆ ಕೈ ಒರೆಸಿಕೊಳ್ಳುವಾಗ ಅಳಿಯ, ಐದು ತಿಂಗಳಿಂದ ಪ್ರತಿ ಸಲ ಹೇಳುತ್ತಿದ್ದಂತೆಯೇ, ಹೋದ ವರ್ಷ ಪುಸ್ತಕ ಬದಲಾಗಿದೆ, ಈಗ ಏಳು ಕಡೆ ತಟ್ಟಬೇಕು ಎಂದ. ಐದನೆಯ ಎತ್ತರದಲ್ಲಿ ಆಕೆ ತಟ್ಟಿದ್ದೇ ತಡ, ಮುಳ್ಳು ತೊಂಬತ್ತು ಅಡಿ ನೆಗೆಯಿತು.

ಮೋಡದೊಳಗೆ ಗುಡ್ಡ ದಾಟುವವನಿಗೆ ತೊಂಬತ್ತು ಅಡಿ ಎಂದರೇನೆಂದು ಇಬ್ಬರಿಗೂ ಗೊತ್ತಿತ್ತು.

ನಾನು ಹೇಳಲಿಲ್ಲವೇ ಎಂದು ಎತ್ತಿ ಆಡುವುದು ಅಳಿಯನಿಗೆ ಬರುತ್ತಿರಲಿಲ್ಲ. ಅವನು ಪುಟ ತಿರುವಿದ. ಮುಳ್ಳು ನೆಗೆಯಬಾರದೆಂದು ಪುಸ್ತಕದಲ್ಲಿತ್ತು, ಯಾಕೆ ನೆಗೆಯಿತೆಂದು ಇರಲಿಲ್ಲ. ಅರ್ಧ ಗಂಟೆ ಅವನು ಭೂತಗನ್ನಡಿಯಲ್ಲಿ ಹುಡುಕಿ ಕಣ್ಣು ಕೆಂಪು ಮಾಡಿಕೊಂಡ. ಆಮೇಲೆ ಸೂಜಿಯಮ್ಮ ಕೂತಳು. ಮರದ ಕಡ್ಡಿಯಿಂದ ಒಳಗಿನ ಪುಟ್ಟ ಹಲ್ಲುಚಕ್ರವನ್ನು ಇಷ್ಟಿಷ್ಟೇ ತಿರುಗಿಸಿದಳು. ಒಂದು ಕಡೆ ಕಡ್ಡಿಗೆ ಏನೋ ತಡೆದಂತಾಯಿತು. ಚಿಮುಟದಲ್ಲಿ ಎಳೆದರೆ ರೆಪ್ಪೆಕೂದಲಿನಷ್ಟುದ್ದದ ಬಿಳಿ ಎಳೆ ಬಂತು. ಪೈಲಟ್‌ನ ಟವೆಲಿನದು. ಅಳಿಯನ ಕಣ್ಣೆದುರೇ ಎಲ್ಲ ಬಿಚ್ಚಿ, ಪುಸ್ತಕದ ಕ್ರಮದಲ್ಲಿ ಮತ್ತೆ ಜೋಡಿಸಿ, ಏಳೂ ಕಡೆ ತಟ್ಟಿದಳು. ಮುಳ್ಳು ನೆಗೆಯಲಿಲ್ಲ. ಅಳಿಯ ಸಹಿ ಹಾಕಿದ.

ಮರುದಿನ ಔಷಧ ಹೊತ್ತಿಗೆ ಸರಿಯಾಗಿ ಹೋಯಿತು. ಸೂಜಿಯಮ್ಮನಿಗೆ ಮಾತ್ರ ಅನ್ನ ಸೇರಲಿಲ್ಲ. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ? ತಪ್ಪು ಎಲ್ಲಿತ್ತೆಂದು ಆಕೆಗೇ ಗೊತ್ತಿತ್ತು. ಸಹಿ ಬೇರೆಯವರದೆಂದೇ ಪುಸ್ತಕ ತನ್ನದಲ್ಲ ಎಂದುಕೊಂಡಿದ್ದಳು. ಮೂರನೆಯ ದಿನ ಗಂಡನಿಗೆ, "ರೀ, ನಾನೂ ಲೈಸೆನ್ಸ್ ಪರೀಕ್ಷೆಗೆ ಕಟ್ತೀನಿ," ಎಂದಳು.

ಗಂಡ ಸೌಟು ಕೆಳಗಿಡದೆ, "ಕಟ್ಟು. ಪಾಠ ಒಪ್ಪಿಸ್ಕೊಳ್ಳೋಕೆ ನಾನಿದೀನಿ," ಎಂದ.

ಮೂವತ್ತು ವರ್ಷ ಕಾಗದ ಹಂಚಿದವನು ಯಾವುದನ್ನು ಓದಿದರೂ ವಿಳಾಸದಿಂದ ಮುದ್ರೆಯವರೆಗೆ ಒಂದಕ್ಷರ ಬಿಡುತ್ತಿರಲಿಲ್ಲ. ನಿಯಮದ ಪುಸ್ತಕಕ್ಕೆ ತರಕಾರಿ ಬುಟ್ಟಿಯನ್ನು ಒರಗುಕೊಟ್ಟು, ಹೆಚ್ಚುತ್ತ ಹೆಚ್ಚುತ್ತ ಗಟ್ಟಿಯಾಗಿ ಓದುವನು. ಹೆಂಡತಿ ಉತ್ತರ ಹೇಳುವಳು. ಹಾಗೆ ಒಂದು ಭಾನುವಾರ, ಮಗಳು ತಟ್ಟೆ ಹಾಕುತ್ತಿರುವಾಗ, ಅಳಿಯ ನೀರು ಕುಡಿಯುತ್ತಿರುವಾಗ, ಅವನು ಓದಿದ: "ಲೈಸೆನ್ಸ್ ಇದ್ದರೂ, ಒಂದು ಕೆಲಸವನ್ನು ಹಿಂದೆ ತಾನೇ ಸರಿಯಾಗಿ ಮಾಡಿ ತೋರಿಸಿರದವನು ಆ ಕೆಲಸದಲ್ಲಿ ಇನ್ನೊಬ್ಬರ ಮೇಲ್ವಿಚಾರಣೆ ಮಾಡುವಂತಿಲ್ಲ."

ಅಳಿಯನ ಲೋಟ ತುಟಿಯ ಹತ್ತಿರವೇ ನಿಂತಿತು. ಇನ್ನೊಮ್ಮೆ ಓದಿ ಎಂದ. ಮಾವ ಇನ್ನೂ ರಾಗವಾಗಿ ಓದಿದ. ಅಳಿಯ ಎದ್ದು ಬಂದು ಪುಸ್ತಕ ತೆಗೆದುಕೊಂಡು ನಿಂತೇ ಓದಿ, ನಿಧಾನವಾಗಿ ಕೂತ.

"ನಾನು ರೇಡಿಯೋ ಬಿಚ್ಚಿದೀನಿ, ವೈರಿಂಗ್ ಮಾಡಿದೀನಿ," ಎಂದ. "ಆಲ್ಟಿಮೀಟರ್ ಒಂದನ್ನೂ ನನ್ನ ಕೈಯಾರೆ ಬಿಚ್ಚಿಲ್ಲ ಅತ್ತೆ. ಬರೀ ನೋಡಿದೀನಿ."

ಐದು ತಿಂಗಳ ಬಡ್ಡಿ ಸಮೇತ ತೀರಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ಗಳಿಗೆ ಸೂಜಿಯಮ್ಮನಿಗೆ ಸಿಗುವಂತಿರಲಿಲ್ಲ. ಪುಟ ಎಷ್ಟು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಅವನ ಮುಖದಲ್ಲಿ ರಕ್ತವೇ ಇರಲಿಲ್ಲ. ಆಕೆ ಮಾತು ನುಂಗಿ ಅವನ ತಟ್ಟೆಗೆ ಇನ್ನೊಂದಿಷ್ಟು ಪಲ್ಯ ಬಡಿಸಿದಳು.

"ಮೇಜಿನ ಮೇಲೆ ವಿಮಾನ ಇಳೀತು," ಎಂದಳು ಮಗಳು. "ಇಳಿಸಿದ್ದು ಅಪ್ಪ. ಪಾತ್ರೆ ಅವರೇ ತೊಳೀಲಿ."

ಬೇರೆಯವನಾಗಿದ್ದರೆ ಪುಸ್ತಕ ಮುಚ್ಚಿಟ್ಟು ಸುಮ್ಮನಿರುತ್ತಿದ್ದ. ಅಳಿಯ ಸೋಮವಾರ ಬೆಳಿಗ್ಗೆ ತಾನೇ ಮಾಲೀಕರಿಗೆ ಹೇಳಿ, ಲೈಸೆನ್ಸ್ ಕೊಡುವ ವಿಮಾನ ಇಲಾಖೆಗೂ ಪತ್ರ ಬರೆದ. ಮಾಲೀಕರು ತಲೆ ಮೇಲೆ ಕೈ ಹೊತ್ತು ಕೂತರು. ಅವನು ಸಹಿ ಹಾಕಿದ್ದ ಮೂವತ್ತೊಂದು ಮೀಟರುಗಳನ್ನು ವಾಪಸು ಕರೆಸಿ ಮತ್ತೆ ನೋಡಬೇಕಾಯಿತು. ನೋಡಲು ಯೋಗ್ಯತೆ ಇದ್ದವರು ಒಬ್ಬರೇ. ಮೇಷ್ಟ್ರಿಗೆ ತುರ್ತು ಸಂದೇಶ ಹೋಯಿತು. ನಾಲ್ಕನೆಯ ದಿನ ಮೇಷ್ಟ್ರು ಬಿಸಿಲಿಗೆ ಕಪ್ಪಾದ ಮುಖ, ಕೈಯಲ್ಲೊಂದು ಮಡಚುವ ಕುರ್ಚಿ ಸಮೇತ ಬಂದಿಳಿದರು. ಬಂದವರೇ ಮೊದಲು ಅಳಿಯನನ್ನು ಗದರಿದರು, ಆಮೇಲೆ ಸೂಜಿಯಮ್ಮನನ್ನು, ಆಮೇಲೆ, ಏಳು ಕಡೆ ತಟ್ಟಬೇಕೆಂಬ ಹೊಸ ಪುಟವನ್ನು ತಾವು ಓದದೇ ಹೋಗಿದ್ದಕ್ಕೆ, ಕನ್ನಡಿಯ ಮುಂದೆ ನಿಂತು ತಮ್ಮನ್ನೇ.

ಮೂವತ್ತೊಂದು ಮೀಟರುಗಳೂ ಸರಿಯಾಗಿದ್ದವು. ಆದರೂ ಅಳಿಯ ಮೇಷ್ಟ್ರ ಕಣ್ಣೆದುರು ಆ ಕೆಲಸವನ್ನು ತಾನೇ ಮಾಡಿ ತೋರಿಸಬೇಕಿತ್ತು. ಮೊದಲ ಸ್ಪ್ರಿಂಗು ಮುರಿದ. ಎರಡನೆಯದನ್ನೂ ಮುರಿದ. ಪಕ್ಕದಲ್ಲಿ ನಿಂತ ಸೂಜಿಯಮ್ಮ ಹಲ್ಲು ಕಚ್ಚಿಕೊಂಡಿದ್ದಳು. ಮೂರನೆಯದಕ್ಕೆ ತಡೆಯದಾಯಿತು.

"ಉಸಿರು ಬಿಡಿ. ಉಸಿರು ಕಟ್ಕೊಂಡ್ರೆ ಕೈ ನಡುಗುತ್ತೆ."

ಅಳಿಯ ಉಸಿರು ಬಿಟ್ಟ. ಸ್ಪ್ರಿಂಗು ಒಳಗೆ ಹೋಯಿತು. ಅವನು ತಿರುಗಿ, ಇದು ಯಾವ ಪುಟದಲ್ಲಿದೆ ಎಂದು ಕೇಳಿದ. ಕುಹಕವೇನಿರಲಿಲ್ಲ, ನಿಜವಾಗಿ ಬೇಕಿತ್ತು ಅವನಿಗೆ. ಯಾವ ಪುಟದಲ್ಲೂ ಇಲ್ಲ, ಬೇಕಾದರೆ ಅಂಚಿನಲ್ಲಿ ಬರೆದುಕೊಳ್ಳಿ ಎಂದಳು. ಬರೆದುಕೊಂಡ.

ಸೂಜಿಯಮ್ಮನ ಅರ್ಜಿಗೆ ಇನ್ನೊಂದು ತೊಡಕು ಇತ್ತು. ಅನುಭವಕ್ಕೆ ದಾಖಲೆ ಬೇಕು. ಸಹಿಗಳೆಲ್ಲ ಮೇಷ್ಟ್ರದಾಗಿರುವಾಗ ತನ್ನದೆಂದು ಏನು ತೋರಿಸುವುದು ಎಂದು ಆಕೆ ಕೈಚೆಲ್ಲಿ ಕೂತಿದ್ದಳು. ಮೇಷ್ಟ್ರು, ರಿಜಿಸ್ಟರನ್ನು ಒಮ್ಮೆಯಾದರೂ ಬಿಚ್ಚಿ ನೋಡಿದ್ದೀಯಾ ಎಂದು ಗದರಿದರು. ಆಕೆ ನೋಡಿರಲಿಲ್ಲ. ಅಳಿಯ ಬೀರುವಿನಿಂದ ರಿಜಿಸ್ಟರುಗಳನ್ನೆಲ್ಲ ಇಳಿಸಿದ. ಸಹಿಯ ಪಕ್ಕದಲ್ಲಿ 'ಕೆಲಸ ಮಾಡಿದವರು' ಎಂಬ ಇರುಕು ಕಾಲಂ ಒಂದಿತ್ತು. ಪ್ರತಿ ಸಾಲಿನಲ್ಲೂ, ನಡುಗುವ ಅಕ್ಷರದಲ್ಲಿ, ಒಂದೇ ಹೆಸರು. ಅಳಿಯ ಎರಡು ದಿನ ಕೂತು ಎಣಿಸಿದ. ಎರಡು ಸಾವಿರದ ನೂರಾ ಆರು. ಸೂಜಿಯಮ್ಮ ಮೂಗು ಒರೆಸಿಕೊಳ್ಳಲು ಹೊರಗೆ ಹೋಗಿ ಬಂದಳು.

ಇಲಾಖೆಯಿಂದ ಉತ್ತರ ಬಂತು: ದಾಖಲೆ ತಲುಪಿದೆ, ಆದರೆ ಈ ಸೂಜಿಯಮ್ಮ ಯಾರು? ಅರ್ಜಿದಾರರ ಹೆಸರು ಬೇರೆಯಿದೆಯಲ್ಲ.

ಮೇಷ್ಟ್ರಿಗೆ ಆಕೆಯ ನಿಜವಾದ ಹೆಸರು ಇಪ್ಪತ್ತೆರಡು ವರ್ಷದಲ್ಲಿ ತಿಳಿದೇ ಇರಲಿಲ್ಲ. ಕೇಳಲು ಸಂಕೋಚವಾಗಿತ್ತಂತೆ. ಕೊನೆಗೆ ವಕೀಲರ ಮುಂದೆ ಎಲ್ಲರೂ ಸಾಲಾಗಿ ನಿಂತು, ಅವಳೇ ಇವಳು, ಇವಳೇ ಅವಳು ಎಂದು ಪ್ರಮಾಣ ಮಾಡಿದರು. ಬಿಸ್ಕತ್ತಿನ ಡಬ್ಬಿಯ ಪೈಲಟ್ ಎಲ್ಲರಿಗಿಂತ ಗಟ್ಟಿಯಾಗಿ ಮಾಡಿದ.

ಪರೀಕ್ಷೆಗೆ ಬಂದ ಅಧಿಕಾರಿ ಮಗಳ ವಯಸ್ಸಿನ ಹೆಂಗಸು. ನೆಗಡಿ, ಕೈಯಲ್ಲಿ ಕರವಸ್ತ್ರ. ಬೆಳಿಗ್ಗೆಯಿಡೀ ಪ್ರಶ್ನೆ ಕೇಳಿದಳು. ಸೂಜಿಯಮ್ಮ ಪುಸ್ತಕ ತೆರೆದಿಟ್ಟುಕೊಂಡು ಆಲ್ಟಿಮೀಟರು ಬಿಚ್ಚಿ ಕಟ್ಟಿದಳು, ಏಳು ಕಡೆ ತಟ್ಟಿದಳು. ಎಲ್ಲ ಮುಗಿಯಿತೆನ್ನುವಾಗ ಅಧಿಕಾರಿ ಚೀಲದಿಂದ ಇನ್ನೊಂದು ಮೀಟರು ತೆಗೆದು, ಇದನ್ನೂ ಸ್ವಲ್ಪ ಬಿಚ್ಚಿ ನೋಡಿ ಎಂದಳು. ಅದು ಗೈರೋ, ವಿಮಾನ ವಾಲಿದ್ದನ್ನು ತೋರಿಸುವಂಥದ್ದು, ಒಳಗೆ ಬುಗುರಿಯಂತೆ ಚಕ್ರ ತಿರುಗುವಂಥದ್ದು. ಅರ್ಜಿ ಹಾಕಿದ್ದು ಗಾಳಿಯ ಒತ್ತಡದ ಮೀಟರುಗಳಿಗೆ ಮಾತ್ರ. ಸೂಜಿಯಮ್ಮ ಅದನ್ನು ಕೈಗೆತ್ತಿಕೊಂಡು ಒಮ್ಮೆ ಓಲಿಸಿದಳು. ಒಳಗೆ ಕರಕರ ಎಂದಿತು. ಬೆರಳುಗಳು ತುರಿಸತೊಡಗಿದವು. ಮೀಟರನ್ನು ಮೇಜಿನ ಮೇಲಿಟ್ಟು ಎರಡೂ ಕೈಗಳನ್ನು ತೊಡೆಯ ಅಡಿಗೆ ಸೇರಿಸಿ ಅದುಮಿ ಕೂತಳು.

"ಇದು ನನ್ನ ಪಟ್ಟಿಲಿಲ್ಲ ಮೇಡಂ."

"ಏನಾಗಿದೆ ಅಂತ ಗೊತ್ತಾಯ್ತಾ?"

"ಗೊತ್ತಾಯ್ತು."

"ಮತ್ತೆ ಬಿಚ್ಚೋಕೇನು?"

"ಗೊತ್ತಾಗೋದು ಬೇರೆ, ಬಿಚ್ಚೋದು ಬೇರೆ. ಇದನ್ನ ನಾನು ಮಾಡಿ ಕಲ್ತಿಲ್ಲ. ಕಲ್ತವರ ಹತ್ರ ಕಳಿಸ್ತೀನಿ."

ಅಧಿಕಾರಿ ಒಂದು ಸೀನು ಸೀನಿ, ಕಾಗದದ ಕೊನೆಯ ಚೌಕದಲ್ಲಿ ಗುರುತು ಹಾಕಿದಳು. ಹೊರಡುವಾಗ ಬಾಗಿಲಲ್ಲಿ ನಿಂತು, ಸುಮ್ಮನೆ ಕೇಳುತ್ತೇನೆ, ಏನಾಗಿದೆ ಅದಕ್ಕೆ ಎಂದಳು. ಬೇರಿಂಗು ಹೋಗಿದೆ, ಆದರೆ ನಾನು ಹೇಳಿಲ್ಲ ಎಂದಳು ಸೂಜಿಯಮ್ಮ.

ಲೈಸೆನ್ಸ್ ಅಂಚೆಯಲ್ಲಿ ಬಂತು. ಮುದ್ರೆ ನೆಟ್ಟಗೆ ಬಿದ್ದಿದೆಯೇ ಎಂದು ಪರೀಕ್ಷಿಸಿದ ಮೇಲೆಯೇ ಗಂಡ ಲಕೋಟೆ ಕೊಟ್ಟದ್ದು. ಮೇಷ್ಟ್ರು ಮಡಚುವ ಕುರ್ಚಿಯೊಂದಿಗೆ ಸಮುದ್ರಕ್ಕೆ ಮರಳಿದರು.

ಆಕೆಯ ಹೆಸರಲ್ಲಿ ಮೊದಲು ಮುಗಿದದ್ದು ಒಂದು ವೇಗದ ಮೀಟರು. ಬೆಳಿಗ್ಗೆ ಹತ್ತಕ್ಕೇ ಕೆಲಸ ಮುಗಿದಿತ್ತು. ಪೆನ್ನಿನ ಮುಚ್ಚಳ ತೆಗೆದಳು, ಮತ್ತೆ ಹಾಕಿದಳು. ಇನ್ನೊಮ್ಮೆ ಪರೀಕ್ಷೆಗಿಟ್ಟಳು. ಪುಸ್ತಕವನ್ನು ಮೊದಲಿನಿಂದ ಓದಿದಳು. ಮೂರನೆಯ ಬಾರಿ ಪರೀಕ್ಷೆಗಿಟ್ಟಳು. ಹೊರಗೆ ಕಾಯುತ್ತಿದ್ದ ವಿಮಾನದವರು ಮೂರು ಸಲ ಬಾಗಿಲು ಬಡಿದು ಹೋದರು. ಆಚೆಯ ಮೇಜಿನಲ್ಲಿ ರೇಡಿಯೋ ಬಿಚ್ಚಿಕೊಂಡು ಕೂತಿದ್ದ ಅಳಿಯ ತಲೆ ಎತ್ತದೆಯೇ ಕೇಳಿದ:

"ಏನಾದ್ರೂ ಸಂದೇಹ ಇದೆಯಾ ಅತ್ತೆ?"

"ಸಂದೇಹ ಏನಿಲ್ಲ. ಹಿಂದೆ ಯಾರೂ ಇಲ್ಲ, ಅದಕ್ಕೆ."

ಅವನು ಎದ್ದು ಬರಲಿಲ್ಲ, ರೇಡಿಯೋದ ಮೇಲೆ ಬಾಗಿ ತನ್ನ ಕೆಲಸ ಮುಂದುವರಿಸಿದ. ಅದಕ್ಕಾಗಿ ಆಕೆಗೆ ಅವನ ಮೇಲೆ ಬಹಳ ಪ್ರೀತಿ ಬಂತು. ಪೆನ್ನು ತೆಗೆದುಕೊಂಡು, ಒಂದೊಂದೇ ಅಕ್ಷರವನ್ನು ಸೂಜಿಗೆ ಪೋಣಿಸುವಂತೆ, ಸಹಿ ಹಾಕಿದಳು. ಮಧ್ಯಾಹ್ನ ಎರಡೂವರೆಗೆ ವಿಮಾನ ಏರಿತು. ಆಕೆ ಕಿಟಕಿಯಲ್ಲಿ ನಿಂತು, ಅದು ಗುಡ್ಡದ ತಲೆ ದಾಟಿ, ಚುಕ್ಕಿಯಾಗಿ, ಇಲ್ಲವಾಗುವವರೆಗೂ ನೋಡಿದಳು. ಆಮೇಲೆ ಕೈ ತೊಳೆದುಕೊಂಡು, ಆರಿ ತಣ್ಣಗಾಗಿದ್ದ ಊಟದ ಡಬ್ಬಿ ಬಿಚ್ಚಿ, ಅಗುಳೂ ಬಿಡದೆ ಉಂಡಳು.